ಹಾಡಿಗೆ ಕಲ್ಲು, ಕಸೂತಿಗೆ ಎಳೆ

ಕಲೆ ಎಂದೊಡನೆ ನಮ್ಮ ಕಣ್ಣು ಗೋಡೆಯ ಕಡೆಗೆ ಹೊರಳುತ್ತದೆ. ಅಲ್ಲೊಂದು ಚೌಕಟ್ಟು ಇರಬೇಕು, ಚೌಕಟ್ಟಿನೊಳಗೊಂದು ಚಿತ್ರವಿರಬೇಕು, ಅದರ ಕೆಳಗೆ ಬರೆದವರ ರುಜು ಇರಬೇಕು. ಸಂಗೀತವೆಂದರೆ ತಂಬೂರಿ ಬೇಕು. ಸಾಹಿತ್ಯವೆಂದರೆ ಪುಸ್ತಕ ಬೇಕು. ನಮ್ಮ ಉತ್ತರ ಕರ್ನಾಟಕದ ಮನೆಗಳಲ್ಲಿ ತಲೆತಲಾಂತರದಿಂದ ಬಾಳಿ ಬಂದ ಕಲೆಗೆ ಇವೊಂದೂ ಇರಲಿಲ್ಲ. ಜೋಳ ಬೀಸುವಾಗ ಅದು ಹಾಡಾಯಿತು. ಸೀರೆಯ ಸೆರಗನ್ನು ತೊಡೆಯ ಮೇಲೆ ಹರಡಿಕೊಂಡು ಕುಳಿತಾಗ ಕಸೂತಿಯಾಯಿತು. ಹಬ್ಬದ ಮುಂಜಾನೆ ಎರೆಮಣ್ಣಿನ ಮುದ್ದೆ ಕೈಗೆ ಬಂದಾಗ ಜೋಡೆತ್ತಾಯಿತು. ಈ ಕಲೆಯನ್ನು ಮನೆಯ ಸಲಕರಣೆಗಳೂ ನಿತ್ಯದ ಆಚರಣೆಗಳೂ ಹೇಗೆ ರೂಪಿಸಿದವು, ಆ ಸಲಕರಣೆಗಳು ಮೂಲೆ ಸೇರಿದ ಮೇಲೆ ಕಲೆಯ ಗತಿ ಏನಾಯಿತು ಎಂಬುದನ್ನು ವಾಚಕರೊಡನೆ ಕುಳಿತು ವಿಚಾರಿಸಬೇಕೆಂದು ಈ ನಾಲ್ಕು ಮಾತು.

ಮೊದಲು ಬೀಸುಕಲ್ಲನ್ನೇ ತೆಗೆದುಕೊಳ್ಳೋಣ. ಪಟ್ಟಣದಲ್ಲಿ ಹುಟ್ಟಿ ಬೆಳೆದ ಮಕ್ಕಳು ಇದನ್ನು ಕಂಡಿರಲಾರರಾದುದರಿಂದ ಅದರ ರಚನೆಯನ್ನು ಒಂದಿಷ್ಟು ಹೇಳುವುದು ಅವಶ್ಯ. ದುಂಡಾದ ಎರಡು ಕಲ್ಲುಗಳು, ಒಂದರ ಮೇಲೊಂದು. ಕೆಳಗಿನದು ಕದಲದು, ಅದರ ನಡುವೆ ಒಂದು ಗೂಟ. ಮೇಲಿನ ಕಲ್ಲು ಆ ಗೂಟದ ಸುತ್ತ ತಿರುಗುತ್ತದೆ. ಮೇಲ್ಗಲ್ಲಿನ ನಡುವೆ ಕಾಳು ಹಾಕುವ ಬಾಯಿ. ಅಂಚಿನ ಹತ್ತಿರ ಕೈಯಿಂದ ಹಿಡಿದು ತಿರುಗಿಸಲು ಇನ್ನೊಂದು ಗೂಟ. ಒಂದು ಕೈ ಕಲ್ಲನ್ನು ತಿರುಗಿಸುತ್ತಿರುವಂತೆಯೇ ಇನ್ನೊಂದು ಕೈ ಹಿಡಿ ಹಿಡಿಯಾಗಿ ಜೋಳವನ್ನು ಬಾಯಿಗೆ ಹಾಕುತ್ತದೆ. ಹಿಟ್ಟು ಸುತ್ತಲಿನ ಅಂಚಿನಿಂದ ಉದುರಿ ಬೀಳುತ್ತದೆ. ಕೆಲಸ ಹೆಚ್ಚಿದ್ದರೆ ಇಬ್ಬರು ಎದುರುಬದುರು ಕುಳಿತು ಒಂದೇ ಗೂಟವನ್ನು ಹಿಡಿಯುತ್ತಾರೆ. ಕಲ್ಲು ಸವೆದು ನುಣುಪಾದರೆ ಹಿಟ್ಟು ಬೀಳದು. ಆಗ ಉಳಿಯಿಂದ ಅದರ ಮೈಯನ್ನು ಮತ್ತೆ ಒರಟು ಮಾಡಿಸಬೇಕು.

ನಮ್ಮ ಗುಡಗೇರಿ ಎರೆಹೊಲದ ಊರು. ಜೋಳದ ರೊಟ್ಟಿಯೇ ಇಲ್ಲಿಯ ಜೀವಾಳ. ಹಿಟ್ಟಿನ ಗಿರಣಿ ಬರುವ ಮುನ್ನ ಅಂದಿನ ರೊಟ್ಟಿಯ ಹಿಟ್ಟನ್ನು ಅಂದೇ ಬೀಸಿಕೊಳ್ಳುವುದು ರೂಢಿ. ಕೋಳಿ ಕೂಗುವ ಹೊತ್ತಿಗೆ ಒಂದು ಮನೆಯಿಂದ ಕಲ್ಲಿನ ಘರಘರ ಸದ್ದು ಏಳುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ಓಣಿಯ ತುಂಬ ಅದೇ ಸದ್ದು. ಆ ಸದ್ದಿನ ಮೇಲೆ ಹಾಡು. ಹಾಡಿಲ್ಲದೆ ಬೀಸಿದರೆ ರಟ್ಟೆ ಬೇಗ ಸೋಲುತ್ತದೆ ಎಂದು ಹಿರಿಯ ಹೆಂಗಸರು ಹೇಳುತ್ತಿದ್ದರು.

ಆ ಹಾಡುಗಳು ಬಹುಮಟ್ಟಿಗೆ ತ್ರಿಪದಿಗಳು. ತ್ರಿಪದಿ ನಮ್ಮ ಅಚ್ಚಗನ್ನಡ ಛಂದಸ್ಸು. ಸುಮಾರು ಕ್ರಿ.ಶ. 700ರ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿಯೇ ಅದು ಕಾಣಸಿಗುತ್ತದೆ. ಸರ್ವಜ್ಞನು ತನ್ನ ಮಾತನ್ನೆಲ್ಲ ಅದರಲ್ಲಿಯೇ ನುಡಿದನು. ಮೂರು ಸಾಲು, ಒಟ್ಟು ಹನ್ನೊಂದು ಗಣ. ಅದರಲ್ಲಿ ಆರನೆಯದು ಮತ್ತು ಹತ್ತನೆಯದು ಬ್ರಹ್ಮಗಣ, ಉಳಿದವು ವಿಷ್ಣುಗಣ. ಇದು ಶಾಸ್ತ್ರದ ಲೆಕ್ಕ. ಬೀಸುವ ಹೆಂಗಸರಿಗೆ ಈ ಲೆಕ್ಕ ಗೊತ್ತಿರಲಿಲ್ಲ. ಆದರೂ ಅವರ ಬಾಯಲ್ಲಿ ತ್ರಿಪದಿಯ ಗತಿ ತಪ್ಪುತ್ತಿರಲಿಲ್ಲ. ಈ ಹಾಡುಗಳ ಬೆಲೆಯನ್ನು ಅರಿತು ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು, ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರು, ಮನೆಮನೆಯ ಹೆಂಗಸರ ಬಾಯಿಂದ ಅವನ್ನು ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಎಂಬ ಸಂಕಲನವನ್ನು ಹೊರತಂದರು. ಅಲ್ಲಿಯವರೆಗೆ ಓದು ಬಲ್ಲವರು ಅಡುಗೆಮನೆಯ ಗುನುಗು ಎಂದು ಬಿಟ್ಟಿದ್ದುದು ಅಂದಿನಿಂದ ಕನ್ನಡ ಕಾವ್ಯವೆನಿಸಿತು.

ತ್ರಿಪದಿ ಬೀಸುಕಲ್ಲಿನ ಮುಂದೆಯೇ ಹುಟ್ಟಿತೆಂದು ಹೇಳುವ ಧೈರ್ಯ ನನಗಿಲ್ಲ. ಆದರೆ ಅದು ಬೀಸುಕಲ್ಲಿನ ಮುಂದೆ ಹೇಗೆ ಪಳಗಿತೆಂಬುದನ್ನು ಕಣ್ಣಾರೆ ಕಂಡ ಪ್ರಸಂಗವೊಂದನ್ನು ಇಲ್ಲಿ ಹೇಳುತ್ತೇನೆ.

ಹೈಸ್ಕೂಲಿನ ತರಗತಿಯಲ್ಲಿ ಒಂದು ದಿನ ತ್ರಿಪದಿಯ ಪಾಠ ನಡೆದಿತ್ತು. ಹುಡುಗರು ಪ್ರಸ್ತಾರ ಹಾಕಿದರು. ಗಣಗಳನ್ನು ಸರಿಯಾಗಿಯೇ ಬಿಡಿಸಿದರು. ‘ಹಾಡುವಾಗ ಎರಡನೆಯ ಸಾಲನ್ನು, ಅಥವಾ ಅದರ ಒಂದು ತುಣುಕನ್ನು, ಮತ್ತೊಮ್ಮೆ ಹಿಡಿದು ಮೂರನೆಯ ಸಾಲಿಗೆ ಇಳಿಯುತ್ತಾರಲ್ಲ, ಅದು ಯಾಕೆ?’ ಎಂದು ನಾನು ಕೇಳಿದೆ. ಯಾರೂ ಹೇಳಲಿಲ್ಲ. ನಿಜ ಹೇಳುವುದಾದರೆ ನನಗೂ ಪುಸ್ತಕದ ಉತ್ತರದ ಹೊರತು ಬೇರೆ ಗೊತ್ತಿರಲಿಲ್ಲ. ‘ನಮ್ಮ ಅಜ್ಜಿಗೆ ಬೀಸೂ ಪದ ಬರ್ತಾವರಿ ಸರ’ ಎಂದಳು ಒಬ್ಬ ಹುಡುಗಿ. ಮರುದಿನ ಆ ಹಿರಿಯಳನ್ನು ಶಾಲೆಗೆ ಕರೆಸಿದೆವು. ಕುರ್ಚಿಯ ಮೇಲೆ ಕುಳ್ಳಿರಿಸಿ, ಹಾಡಿರೆಂದು ಕೈಮುಗಿದು ಕೇಳಿದೆವು. ಒಂದು ಸಾಲು ಹಾಡಿದಳು, ನಿಂತಳು. ಮತ್ತೆ ತೊಡಗಿದಳು, ಮತ್ತೆ ನಿಂತಳು. ಕೊನೆಗೆ, ‘ಕಲ್ಲಿಲ್ಲದ ಪದ ನೆನಪಾಗೂದಿಲ್ಲರಿ ಸರ. ಕೈ ತಿರಗಬೇಕು’ ಎಂದು ನಾಚಿಕೊಂಡಳು.

ಮಕ್ಕಳೊಡನೆ ಅವಳ ಮನೆಗೇ ಹೋದೆವು. ಬೀಸುಕಲ್ಲು ಹಿತ್ತಲಲ್ಲಿ ಬಚ್ಚಲ ಬಾಗಿಲಿಗೆ ಮೆಟ್ಟಿಲಾಗಿ ಬಿದ್ದಿತ್ತು. ಹುಡುಗರು ಅದನ್ನು ತೊಳೆದು, ಪಡಸಾಲೆಗೆ ತಂದು, ಗೂಟ ಬಡಿದು ನಿಲ್ಲಿಸಿದರು. ಅಜ್ಜಿ ಸೆರಗು ಕಟ್ಟಿ ಕುಳಿತಳು. ಒಂದು ಹಿಡಿ ಜೋಳ ಹಾಕಿ ಕಲ್ಲು ತಿರುವಿದಳು. ನಾಲ್ಕೈದು ಸುತ್ತು ಸುಮ್ಮನೆ ಹೋಯಿತು. ಅನಂತರ ಯಾರೂ ಕೇಳದೆಯೇ ಹಾಡು ಬಂದಿತು. ಕಲ್ಲನ್ನೇ ತಾಯಿಯೆಂದು ಕರೆದು ಮೊದಲುಮಾಡಿದಳು; ತವರಿಗೆ ಹೋದಳು, ಅಣ್ಣನನ್ನು ನೆನೆದಳು, ಅತ್ತೆಯ ಮನೆಯ ಸುದ್ದಿಗೆ ಬಂದಳು. ಒಂದಾದ ಮೇಲೊಂದು ಪದ, ಎಲ್ಲಿಯೂ ತಡವರಿಸಲಿಲ್ಲ. ನಮ್ಮ ಪ್ರಶ್ನೆಗೆ ಉತ್ತರವೂ ಅಲ್ಲಿಯೇ ಸಿಕ್ಕಿತು. ಎರಡನೆಯ ಸಾಲು ಮುಗಿಯುವ ಹೊತ್ತಿಗೆ ಅವಳ ಇನ್ನೊಂದು ಕೈ ಕಾಳಿಗೆ ಹೋಗುತ್ತಿತ್ತು. ಹೊಸ ಹಿಡಿ ಬಾಯಿಗೆ ಬೀಳುವವರೆಗೆ ಗೊತ್ತಿದ್ದ ಸಾಲನ್ನೇ ಮರಳಿ ಹಿಡಿಯುವಳು. ಕಾಳು ಬಿದ್ದು ಕಲ್ಲು ಭಾರವಾದೊಡನೆ ಮೂರನೆಯ ಸಾಲಿಗೆ ಇಳಿಯುವಳು. ಮೊಮ್ಮಗಳು ಎದುರಿಗೆ ಕುಳಿತು ಗೂಟ ಹಿಡಿದಾಗ, ಅಜ್ಜಿ ಬಿಟ್ಟ ಸಾಲನ್ನು ಅವಳು ಎತ್ತಿಕೊಳ್ಳಲು ಅದೇ ಜಾಗದಲ್ಲಿ ಎಡೆ ದೊರೆಯಿತು. ಕಾಳು ಹಾಕುವ ಕೈಗೆ ಬಿಡುವು, ಉಸಿರಿಗೆ ಬಿಡುವು, ಜೊತೆಗಾರಳಿಗೆ ದಾರಿ, ಈ ಮೂರೂ ಆ ಒಂದು ಪುನರಾವರ್ತನೆಯಲ್ಲಿ ಕೂಡಿದ್ದವು.

ಅಂದು ನನಗೆ ಹೊಳೆದ ಸಂಗತಿ ಇಷ್ಟು: ಸಲಕರಣೆಯು ಕಲೆಗೆ ಬರಿಯ ವಸ್ತುವನ್ನು ಒದಗಿಸುವುದಿಲ್ಲ, ಅದಕ್ಕೆ ಅಳತೆಯನ್ನು ಕೊಡುತ್ತದೆ. ಬೀಸುಕಲ್ಲಿನ ಬಗ್ಗೆ ಹಾಡುವುದು ಬೇರೆ, ಬೀಸುಕಲ್ಲಿನೊಡನೆ ಹಾಡುವುದು ಬೇರೆ.

ಇದೇ ಮಾತು ಕಸೂತಿಗೂ ಸಲ್ಲುತ್ತದೆ. ಧಾರವಾಡ ಸೀಮೆಯ ಕಸೂತಿ ಇಂದು ಲೋಕಪ್ರಸಿದ್ಧ. ಈ ಶತಮಾನದ ಮೊದಲ ದಶಕದಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆಯ ಮನ್ನಣೆಯೂ ದೊರಕಿತು. ‘ಕೈ’ ಮತ್ತು ‘ಸೂತಿ’ ಎಂಬ ಮಾತುಗಳು ಕೂಡಿ ಕಸೂತಿಯಾಯಿತೆಂದು ಸಾಮಾನ್ಯವಾಗಿ ವಿವರಿಸುತ್ತಾರೆ. ಇಳಕಲ್ಲ ಸೀರೆಯ ಸೆರಗಿನ ಮೇಲೆ, ಕುಪ್ಪಸದ ಮೇಲೆ, ಮಕ್ಕಳ ಕುಂಚಿಗೆಯ ಮೇಲೆ ಇದನ್ನು ಹಾಕುತ್ತಾರೆ. ಚಂದ್ರಕಾಳಿ ಎಂಬ ಕಪ್ಪು ಸೀರೆಗೆ ಕಸೂತಿ ಹಾಕಿ ಮದುಮಗಳಿಗೆ ಕೊಡುವುದು ಒಂದು ಕಾಲದ ಪದ್ಧತಿ.

ಕಸೂತಿಯ ಮೊದಲ ನಿಯಮವೆಂದರೆ ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳದಿರುವುದು. ಪೆನ್ಸಿಲ್ಲೂ ಇಲ್ಲ, ಅಚ್ಚೂ ಇಲ್ಲ. ಹೊಲಿಯುವವಳು ಬಟ್ಟೆಯ ಎಳೆಗಳನ್ನು ಎಣಿಸುತ್ತಾಳೆ: ಇಷ್ಟು ಎಳೆ ಬಿಟ್ಟು ಸೂಜಿ ಕೆಳಗೆ, ಇಷ್ಟು ಎಳೆ ಬಿಟ್ಟು ಮೇಲೆ. ಹೊಲಿಗೆ ನಾಲ್ಕು ಬಗೆ. ಗವಂತಿಯಲ್ಲಿ ಸೂಜಿ ಒಮ್ಮೆ ಹೋದ ದಾರಿಯಲ್ಲಿಯೇ ಮರಳಿ ಬಂದು ನಡುವಿನ ಖಾಲಿ ಜಾಗಗಳನ್ನು ತುಂಬುತ್ತದೆ. ಮುರ್ಗಿಯೂ ಅದೇ ಕ್ರಮದ್ದು, ಆದರೆ ಮೆಟ್ಟಿಲು ಮೆಟ್ಟಿಲಾಗಿ ಸಾಗುತ್ತದೆ. ನೇಯ್ಗೆ ಎಂಬುದು ನೆಯ್ದಂತೆಯೇ ಕಾಣುವ ಸಾಲುಹೊಲಿಗೆ. ಮೆಂತೆಯು ಮೆಂತೆಕಾಳು ಚೆಲ್ಲಿದಂತೆ ತೋರುವ ಅಡ್ಡಹೊಲಿಗೆ. ಗವಂತಿ, ಮುರ್ಗಿಗಳಲ್ಲಿ ಗಂಟು ಹಾಕುವಂತಿಲ್ಲ. ಬಟ್ಟೆಯ ಎರಡೂ ಮೈಯಲ್ಲಿ ಚಿತ್ರ ಒಂದೇ ತೆರನಾಗಿ ಕಾಣಬೇಕು. ಆದ್ದರಿಂದ, ಯಾವ ದಾರಿಯಲ್ಲಿ ಹೋಗಿ ಯಾವ ದಾರಿಯಲ್ಲಿ ಮರಳಬೇಕೆಂಬುದನ್ನು ಮೊದಲ ಹೊಲಿಗೆಗೆ ಮುನ್ನವೇ ಮನಸ್ಸಿನಲ್ಲಿ ಗೊತ್ತುಮಾಡಿಕೊಳ್ಳಬೇಕು. ಲೆಕ್ಕದಲ್ಲಿ ಒಂದು ಎಳೆ ತಪ್ಪಿದರೆ ತೇರಿನ ಕಳಸ ಓರೆಯಾಗುತ್ತದೆ.

ಇನ್ನು ಅಲ್ಲಿರುವ ಚಿತ್ರಗಳಾದರೂ ಯಾವುವು? ತುಳಸಿಕಟ್ಟೆ, ತೊಟ್ಟಿಲು, ದೀಪದ ಕಂಬ. ಗುಡಿಯ ಗೋಪುರ, ತೇರು, ಪಲ್ಲಕ್ಕಿ, ಆನೆ, ನವಿಲು. ಬೆಳಿಗ್ಗೆ ನೀರೆರೆದು ಸುತ್ತು ಬರುವ ಕಟ್ಟೆ, ಮಗುವನ್ನು ತೂಗುವ ತೊಟ್ಟಿಲು, ಸಂಜೆ ಹಚ್ಚುವ ದೀಪ, ವರ್ಷಕ್ಕೊಮ್ಮೆ ನೋಡುವ ತೇರು. ಹೆಣ್ಣುಮಗಳೊಬ್ಬಳ ದಿನವೂ ವರ್ಷವೂ ಸೆರಗಿನ ಮೇಲೆ ಹೀಗೆ ಕೂಡಿವೆ. ಎಳೆ ಎಣಿಸಿ ಹೊಲಿಯುವುದರಿಂದ ಗೆರೆ ನೆಟ್ಟಗೆ, ಅಡ್ಡಕ್ಕೆ ಅಥವಾ ಓರೆಯಾಗಿ ಮಾತ್ರ ಹೋಗಬಲ್ಲದು, ದುಂಡಗೆ ಹೋಗಲಾರದು. ನವಿಲಿನ ಕೊರಳನ್ನೂ ಆನೆಯ ಸೊಂಡಿಲನ್ನೂ ಮೆಟ್ಟಿಲು ಮೆಟ್ಟಿಲಾಗಿಯೇ ಬಳಸಬೇಕು. ಕಸೂತಿಯ ನವಿಲು ಬೇರಾವ ನವಿಲಿನಂತೆಯೂ ಇಲ್ಲದಿರುವುದಕ್ಕೆ ಇದೇ ಕಾರಣ; ಅದರ ಆಕಾರವನ್ನು ನಿರ್ಣಯಿಸಿದುದು ಮಗ್ಗ.

ವಿಶೇಷವೆಂದರೆ ಗವಂತಿಯಂತಹ ಹೊಲಿಗೆ ಯುರೋಪಿನಲ್ಲಿಯೂ ಉಂಟು. ಅಲ್ಲಿ ಅದನ್ನು ಹೋಲ್ಬೈನ್ ಹೊಲಿಗೆ ಎನ್ನುತ್ತಾರೆ. ಹದಿನಾರನೆಯ ಶತಮಾನದಲ್ಲಿ ಇಂಗ್ಲೆಂಡಿನ ಎಂಟನೆಯ ಹೆನ್ರಿಯ ಆಸ್ಥಾನದಲ್ಲಿದ್ದ ಜರ್ಮನ್ ಚಿತ್ರಕಾರ ಹಾನ್ಸ್ ಹೋಲ್ಬೈನ್ ಬರೆದ ಭಾವಚಿತ್ರಗಳಲ್ಲಿ ಉಡುಪಿನ ಕೊರಳಿಗೂ ತೋಳಿನ ಅಂಚಿಗೂ ಆ ಹೊಲಿಗೆ ಕಾಣುವುದರಿಂದ ಆ ಹೆಸರು ಬಂದಿತು. ಹೊಲಿದವರ ಹೆಸರು ಉಳಿಯಲಿಲ್ಲ. ಚಿತ್ರ ಬರೆದವನ ಹೆಸರು ಹೊಲಿಗೆಗೆ ಅಂಟಿಕೊಂಡಿತು! ನಮ್ಮಲ್ಲಿ ಹೊಲಿಗೆಗೆ ಯಾರ ಹೆಸರೂ ಅಂಟಲಿಲ್ಲ. ಮೆಂತೆಕಾಳಿನ ಹೆಸರು, ನೇಯ್ಗೆಯ ಹೆಸರು ಅಂಟಿದವು. ಮನೆಯ ಕಲೆಗೆ ಮನೆಯ ಹೆಸರೇ ದೊರೆತುದು ಒಳ್ಳೆಯದಾಯಿತು.

ಆಚರಣೆಗಳ ಕಡೆಗೆ ನೋಡಿದರೆ ಅಲ್ಲಿಯೂ ಇದೇ ಬಗೆ. ಜ್ಯೇಷ್ಠದ ಕೊನೆಗೆ ಬರುವ ಮಣ್ಣೆತ್ತಿನ ಅಮಾವಾಸ್ಯೆಯಂದು ಎರೆಮಣ್ಣನ್ನು ತಂದು ಹದಮಾಡಿ ಎತ್ತುಗಳನ್ನು ತಿದ್ದಿ ಪೂಜಿಸುತ್ತಾರೆ. ಬಿತ್ತನೆಯ ಕಾಲಕ್ಕೆ ಹೊಲದ ಮಣ್ಣೂ ಹೊಲದ ಎತ್ತೂ ಅಂದು ಒಂದೇ ಆಗುತ್ತವೆ. ಭಾದ್ರಪದದಲ್ಲಿ ಜೋಕುಮಾರ ಬರುತ್ತಾನೆ. ಅವನ ಮಣ್ಣಿನ ಮೂರ್ತಿಯನ್ನು ಬುಟ್ಟಿಯಲ್ಲಿಟ್ಟು, ಬೇವಿನ ಎಲೆಗಳಿಂದ ಮುಚ್ಚಿ, ಹೆಂಗಸರು ಹೊತ್ತು ಮನೆಮನೆಗೆ ಹಾಡುತ್ತ ಹೋಗುತ್ತಾರೆ. ಮನೆಯವರು ಮೊರದಲ್ಲಿ ಕಾಳು ತಂದು ಕೊಡುತ್ತಾರೆ. ಅವನಿಗೆ ಗುಡಿಯಿಲ್ಲ, ಬುಟ್ಟಿಯೇ ಗುಡಿ. ದೀಪಾವಳಿಯ ಪಾಡ್ಯಕ್ಕೆ ಸಗಣಿಯಿಂದ ಪಾಂಡವರನ್ನು ಮಾಡಿ ಹೂ ಸಿಕ್ಕಿಸಿ ಹೊಸ್ತಿಲ ಬಳಿ ಕೂರಿಸುತ್ತಾರೆ. ಇವಾವುವೂ ಕಾಯಂ ಉಳಿಯತಕ್ಕ ಮೂರ್ತಿಗಳಲ್ಲ. ಕೆಲವೇ ದಿನಗಳಲ್ಲಿ ಮಣ್ಣಿನದು ಮಣ್ಣಿಗೆ, ನೀರಿನದು ನೀರಿಗೆ. ಆದರೆ ಮೂರ್ತಿ ಉಳಿಯದಿರುವುದರಿಂದಲೇ ವಿದ್ಯೆ ಉಳಿಯಿತು. ಮುಂದಿನ ವರ್ಷ ಮತ್ತೆ ಮಾಡಲೇಬೇಕಾದುದರಿಂದ ಮಕ್ಕಳ ಕೈ ಪಳಗಿತು. ದಿನವೂ ಅಳಿಸಿಹೋಗುವ ಅಂಗಳದ ರಂಗೋಲಿಯ ಗುಟ್ಟೂ ಇದೇ.

ಮನೆಯ ಸಲಕರಣೆ ಕೈಗೆ ಅಳತೆ ಕೊಟ್ಟಂತೆ ವಿಚಾರಕ್ಕೂ ಕೊಟ್ಟಿತು. ಹನ್ನೆರಡನೆಯ ಶತಮಾನದ ಶರಣೆಯರನ್ನು ನೆನೆಯಿರಿ. ಕದಿರ ರೆಮ್ಮವ್ವೆ ನೂಲುವ ಕಾಯಕದವಳು. ತಾನು ದಿನವೂ ತಿರುಗಿಸುವ ರಾಟೆಯ ಅಂಗಾಂಗಗಳಲ್ಲಿ ತ್ರಿಮೂರ್ತಿಗಳನ್ನು ಕಂಡು ವಚನ ನುಡಿದಳು. ಕೊಟ್ಟಣದ ಸೋಮವ್ವೆ ಬತ್ತ ಕುಟ್ಟುವವಳು. ಒನಕೆಯ ಏಟು ಹದ ಮೀರಿದರೆ ಕಾಳು ಒಡೆದುಹೋಗುತ್ತದೆ, ವ್ರತ ತಪ್ಪಿದವರ ಬಾಳೂ ಹಾಗೆಯೇ ಎಂಬುದು ಅವಳ ವಚನದ ಭಾವ. ಈ ‘ಹದ’ ಎಂಬ ಮಾತನ್ನು ಗಮನಿಸಬೇಕು. ಅಟ್ಟಕ್ಕೆ ಹದ, ಮಣ್ಣಿಗೆ ಹದ, ಕಾದ ಕಬ್ಬಿಣಕ್ಕೆ ಹದ, ಮಾತಿಗೂ ಹದ. ಅದು ಪುಸ್ತಕದಿಂದ ಬಾರದು. ಒನಕೆ ಹಿಡಿದವರ ಅಂಗೈಯಿಂದ ನಾಲಗೆಗೆ ಏರಿ ಬಂದ ಮಾತು.

ಇಷ್ಟನ್ನು ಹೇಳಿದ ಮೇಲೆ ಒಂದು ಮಾತನ್ನು ಮರೆಮಾಚಬಾರದು. ಬೀಸುಕಲ್ಲು ಹಾಡನ್ನು ಕೊಟ್ಟಿತೆಂದು ಅದನ್ನು ಹೊಗಳುವುದು ಸುಲಭ. ಬೀಸಿದ ರಟ್ಟೆಗಳು ಯಾರವು? ನಸುಕಿನಲ್ಲಿ ಎಲ್ಲರಿಗಿಂತ ಮೊದಲು ಎದ್ದು, ಎಲ್ಲರ ಹೊಟ್ಟೆಗೆ ಹಿಟ್ಟು ಮಾಡಿ, ಎಲ್ಲರ ಕೊನೆಗೆ ಉಂಡವರು ಹೆಂಗಸರು. ಬಾಣಂತಿತನದಲ್ಲಿ, ಮೈ ಬಿಸಿಯಾಗಿದ್ದಾಗ ಕೂಡ ಕಲ್ಲು ಬಿಡದು. ಆ ದಣಿವೂ ಆ ಕಣ್ಣೀರೂ ಹಾಡುಗಳಲ್ಲಿಯೇ ಇವೆ. ಊರಿಗೆ ಗಿರಣಿ ಬಂದುದು ಅವರ ಪಾಲಿಗೆ ದೊಡ್ಡ ಬಿಡುಗಡೆ. ನಮ್ಮ ಅಜ್ಜಿಯನ್ನು ‘ಮತ್ತೆ ದಿನಾ ಬೀಸಬೇಕು ಅನಸ್ತದೇನವ್ವಾ?’ ಎಂದು ಕೇಳಿದಾಗ, ‘ಪದ ಬೇಕರಿ, ಕಲ್ಲು ಬ್ಯಾಡ’ ಎಂದು ನಕ್ಕಳು. ಸಮಸ್ಯೆಯೆಲ್ಲ ಆ ನಾಲ್ಕು ಮಾತಿನಲ್ಲಿದೆ. ಕಲ್ಲು ಬೇಡವಾದುದು ನ್ಯಾಯ; ಆದರೆ ಕಲ್ಲಿಲ್ಲದೆ ಪದ ನೆನಪಾಗುವುದಿಲ್ಲವೆಂದವಳೂ ಅವಳೇ.

ಬಳಕೆಯಿಂದ ಸರಿದ ಸಲಕರಣೆ ಈಗ ಇನ್ನೊಂದು ರೀತಿಯಲ್ಲಿ ಕಲೆಗೆ ಬರುತ್ತಿದೆ. ನಮ್ಮ ಗುಡಗೇರಿಗೆ ದೂರವಲ್ಲದ, ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿ ಉತ್ಸವ ರಾಕ್ ಗಾರ್ಡನ್ ಇದೆ. 2020ರಲ್ಲಿ ನಿಧನರಾದ ಕಲಾವಿದ ಟಿ.ಬಿ. ಸೊಲಬಕ್ಕನವರು ಹಳ್ಳಿಯ ಬದುಕನ್ನು ಅಲ್ಲಿ ಆಳೆತ್ತರದ ಸಿಮೆಂಟಿನ ಶಿಲ್ಪಗಳಲ್ಲಿ ನಿಲ್ಲಿಸಿದರು. ಹೊಲಮನೆಗಳ ಕೆಲಸದಲ್ಲಿ ತೊಡಗಿದ ಹೆಣ್ಣು ಗಂಡುಗಳು, ದನಕರುಗಳು, ಕಸುಬುದಾರರು ಅಲ್ಲಿದ್ದಾರೆ. 2011ರಲ್ಲಿ ಸ್ಥಾಪಿತವಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವೂ ಅದೇ ಗೊಟಗೋಡಿಯಲ್ಲಿದೆ. ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕದಲ್ಲಿ ನಾಡಿನ ಮೂಲೆಮೂಲೆಯ ಮನೆಸಾಮಾನುಗಳನ್ನು ಕೂಡಿಸಿ ಇಟ್ಟಿದ್ದಾರೆ. ಹೊರದೇಶದಲ್ಲಿಯೂ ಇಂತಹ ಪ್ರಯತ್ನಗಳಾಗಿವೆ. ಜಪಾನಿನ ಯಾನಾಗಿ ಸೋಎತ್ಸು ಎಂಬ ವಿದ್ವಾಂಸ, ಹೆಸರಿಲ್ಲದ ಕಸುಬುದಾರರು ನಿತ್ಯದ ಬಳಕೆಗೆಂದು ಮಾಡಿದ ಬಟ್ಟಲು, ಬಟ್ಟೆ, ಬುಟ್ಟಿಗಳಲ್ಲಿಯೇ ನಿಜವಾದ ಚೆಲುವಿದೆಯೆಂದು ಸಾರಿ, 1936ರಲ್ಲಿ ಟೋಕಿಯೋದಲ್ಲಿ ಅವುಗಳಿಗಾಗಿಯೇ ಒಂದು ವಸ್ತುಸಂಗ್ರಹಾಲಯವನ್ನು ತೆರೆದನು.

ಇವೆಲ್ಲ ಅಗತ್ಯವಾದ ಕಾರ್ಯಗಳು. ಗೊಟಗೋಡಿಗೆ ಮಕ್ಕಳನ್ನು ಕರೆದುಕೊಂಡು ಹೋದಾಗಲೆಲ್ಲ ನನಗೆ ಸಂತೋಷವಾಗಿದೆ; ಪಾಠದಲ್ಲಿ ಹೆಸರು ಮಾತ್ರ ಕೇಳಿದ್ದನ್ನು ಅವರು ಅಲ್ಲಿ ಕಣ್ಣಿಂದ ಕಾಣುತ್ತಾರೆ. ಆದರೆ ಶಿಲ್ಪವು ಆಕಾರವನ್ನು ಕಾಯಬಲ್ಲದು, ಗತಿಯನ್ನು ಕಾಯಲಾರದು. ಗಾಜಿನ ಕಪಾಟಿನೊಳಗಿನ ಕಲ್ಲು ತಿರುಗದು. ಗತಿಯನ್ನು ಕಾಯಲು ಇನ್ನೊಂದು ಸಾಧನ ಬೇಕು, ಅದು ಕಿವಿ. ಧಾರವಾಡದಲ್ಲಿ 1950ರಲ್ಲಿ ಆಕಾಶವಾಣಿಯ ನಿಲಯ ತೆರೆದ ಮೇಲೆ ಈ ಸೀಮೆಯ ಜನಪದ ಗೀತಗಳು ಓಣಿಯ ಎಲ್ಲೆ ದಾಟಿ ದೂರದ ಊರುಗಳಿಗೆ ಹೋದವು. ನಮ್ಮ ಪ್ರಸಂಗದಿಂದ ಧ್ವನಿಮುದ್ರಣ ಮಾಡುವವರೆಲ್ಲ ಕಲಿಯಬಹುದಾದ ಪಾಠವೊಂದಿದೆ: ಹಾಡುವವರನ್ನು ಕುರ್ಚಿಯ ಮೇಲೆ ಕೂರಿಸಬೇಡಿರಿ, ಕಲ್ಲಿನ ಮುಂದೆ ಕೂರಿಸಿರಿ. ಘರಘರ ಸದ್ದು ಹಾಡಿಗೆ ಅಡ್ಡಿಯಲ್ಲ. ಅದೇ ಅದರ ಶ್ರುತಿ, ಅದೇ ಅದರ ತಾಳ.

ಮನೆಯವರು ಮಾಡಬಹುದಾದುದೂ ಉಂಟು. ಅದಕ್ಕೆ ಹಣವೂ ಬೇಡ, ಸಂಸ್ಥೆಯೂ ಬೇಡ. ಬೀಸುಕಲ್ಲು ಅಟ್ಟದ ಮೇಲೋ ಹಿತ್ತಲಲ್ಲೋ ಇದ್ದರೆ ಒಮ್ಮೆ ಕೆಳಗಿಳಿಸಿ ತೊಳೆಯಿರಿ. ವರ್ಷಕ್ಕೊಂದು ದಿನ, ಹಬ್ಬದ ಕಡಬಿಗೋ ಮದುವೆಯ ಅರಿಷಿಣಕ್ಕೋ, ಅದನ್ನು ತಿರುಗಿಸಿರಿ. ಗಂಡುಹುಡುಗರೂ ಗೂಟ ಹಿಡಿಯಲಿ. ಹಾಡಿನ ಹಿಂದಿನ ದಣಿವು ಎಷ್ಟೆಂಬುದು ಅವರ ರಟ್ಟೆಗೂ ತಿಳಿಯಲಿ. ಹಿರಿಯರು ಹತ್ತಿರವಿದ್ದಾಗ ಅದರ ಭಾಗಗಳ ಹೆಸರನ್ನು ಕೇಳಿ ಬರೆದಿಡಿರಿ. ಒಂದೊಂದು ಊರಿನಲ್ಲಿ ಒಂದೊಂದು ಹೆಸರು, ಯಾವ ನಿಘಂಟಿನಲ್ಲಿಯೂ ಎಲ್ಲವೂ ಸಿಕ್ಕಲಾರವು. ಕಸೂತಿಯ ಹಳೆಯ ಸೀರೆಯಿದ್ದರೆ ಅದನ್ನು ತಿರುವಿ ಹಿಂಬದಿಯನ್ನೂ ನೋಡಿರಿ. ಸೂಜಿ ಯಾವ ದಾರಿ ಹಿಡಿದು ಹೋಗಿ ಹೇಗೆ ಮರಳಿತೆಂದು ಮಕ್ಕಳು ಬೆರಳಿನಿಂದ ಹುಡುಕಲಿ.

ನಮ್ಮ ಅಜ್ಜಿಯ ಮನೆಯ ಕಲ್ಲು ಅಂದಿನಿಂದ ಬಚ್ಚಲ ಮೆಟ್ಟಿಲಿಗೆ ಮರಳಲಿಲ್ಲ. ಪಡಸಾಲೆಯ ಮೂಲೆಯಲ್ಲಿಯೇ ಇದೆ. ಹಿಟ್ಟು ಗಿರಣಿಯಿಂದಲೇ ಬರುತ್ತದೆ, ಬರಬೇಕಾದುದೂ ಅಲ್ಲಿಂದಲೇ. ಆದರೆ ಆ ಹುಡುಗಿ ಸಂಜೆ ಅಭ್ಯಾಸ ಮುಗಿಸಿ ಒಂದು ಹಿಡಿ ಜೋಳ ಹಾಕಿ ಕುಳಿತುಕೊಳ್ಳುತ್ತಾಳಂತೆ. ಈಗ ಅವಳಿಗೆ ಹನ್ನೆರಡು ಪದ ಬರುತ್ತವೆ. ತ್ರಿಪದಿಯ ಲಕ್ಷಣವನ್ನು ನಾನು ಅವಳಿಗೆ ಕಲಿಸಿದೆ. ಅದರ ಹದವನ್ನು ಕಲಿಸಿದವರು ಅಜ್ಜಿ ಮತ್ತು ಆ ಎರಡು ಕಲ್ಲು.